ಕ್ಯಾಮೆರಾದೊಳಗಿನ ವಿಭೂತಿ

ಅಂದು ಖಂಡೆ ಪೂಜೆ, ದಸರೆಯ ಆಯುಧ ಪೂಜೆ. ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಪೂಜೆಗೆ ಕೂತವರ ಸಾಲನ್ನು ನೀವು ನೋಡಬೇಕಿತ್ತು. ನನ್ನ ಹೊಲಿಗೆ ಯಂತ್ರ, ಕತ್ತರಿ, ಅತ್ತೆಯವರ ಈಳಿಗೆ, ಯಾರೂ ಮುಟ್ಟದ ಒಂದು ಹಳೆಯ ಕುಡುಗೋಲು, ಗಾಡಿಯ ನಟ್ಟು ಬಿಚ್ಚುವ ಎರಡು ಪಾನಾ, ಕೊನೆಗೆ ನಮ್ಮವರ ಕ್ಯಾಮೆರಾ. ಅದರ ಮುಂದಿನ ಲೆನ್ಸನ್ನು ಬಿಚ್ಚಿಟ್ಟು, ಒರೆಸಲು ಮೆತ್ತನೆಯ ಬಟ್ಟೆ ತರಲೆಂದು ನಮ್ಮವರು ಒಳಗೆ ಹೋಗಿದ್ದರು. ಕ್ಯಾಮೆರಾ ಕಪ್ಪು ಬಾಯಿ ತೆರೆದುಕೊಂಡು ಮಣೆಯ ಮೇಲೆ ಕೂತಿತ್ತು.

ಅತ್ತೆಯವರು ಎಲ್ಲದಕ್ಕೂ ವಿಭೂತಿ ಹಚ್ಚುತ್ತ ಬಂದರು. ಕ್ಯಾಮೆರಾದ ನೆತ್ತಿಯ ಮೇಲಿನ ಉಬ್ಬು ಅವರಿಗೆ ಹಣೆಯಂತೆ ಕಂಡಿರಬೇಕು. ಅಲ್ಲಿಗೆ ಮೂರು ಬೆರಳಿನ ಪಟ್ಟೆ ಎಳೆದರು. ಪುಡಿ ಹೆಚ್ಚಾಯಿತೆಂದು ಉಫ್ ಎಂದು ಊದಿದರು. ಹೆಚ್ಚಾದದ್ದೆಲ್ಲ ಬಾಯಿಯೊಳಗೆ ಹೋಯಿತು.

"ಅವ್ವಾ! ಏನ ಮಾಡ್ದಿ?" ನಮ್ಮವರು ಬಾಗಿಲಲ್ಲೇ ನಿಂತುಬಿಟ್ಟರು.

"ಏನ ಮಾಡ್ದೆ? ಇಬತ್ತಿ ಹಚ್ಚೀನಿ. ಹೊಲಿಗಿ ಮಷೀನಿಗಿ ಹಚ್ಚೀನಿ, ಗಾಡಿಗಿ ಹಚ್ಚೀನಿ. ಇದೊಂದಕ್ಕ ಬ್ಯಾಡೇನು?"

"ಅದರ ಬಾಯಿ ತೆರದಿತ್ತಲ್ಲ ಅವ್ವಾ!"

"ತೆರದಿದ್ರ ಛಲೋನೇ ಆತಲ್ಲೋ. ಒಳಗಿನ ದೇವ್ರಿಗೂ ಮುಟ್ತು."

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಮ್ಮವರೂ ಸಿಟ್ಟು ಮಾಡಲು ಹೋಗಿ ನಕ್ಕರು. ಆಮೇಲೆ ಹೋಳಿಗೆ ಉಂಡೆವು. ಶುಗರ್ ಇದ್ದ ನಮ್ಮವರಿಗೆ ಒಂದೇ ಎಂದು ಹೇಳಿ ಎರಡು ಬಡಿಸಿದವರು ಅತ್ತೆಯವರು. ಮಧ್ಯಾಹ್ನ ಎಲ್ಲರೂ ಮಲಗಿದೆವು. ಆ ದಿನದಲ್ಲಿ ಹೇಳಿಕೊಳ್ಳುವಂಥದ್ದು ಬೇರೆ ಏನೂ ಇರಲಿಲ್ಲ. ನಮ್ಮ ಮನೆಯಲ್ಲಿ ಕ್ಯಾಮೆರಾದ ಚಿಂತೆ ಇಲ್ಲದೆ ಮುಗಿದ ಕೊನೆಯ ದಿನ ಅದು.

ಮಾರನೆಯ ದಿನ ಬನ್ನಿ ಕೊಟ್ಟು ಬಂದ ನಮ್ಮವರು ಮಾಳಿಗೆ ಹತ್ತಿ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದರು. ಮೇಲಿನಿಂದಲೇ ಕೂಗಿದರು. "ಶಾಂತಾ, ಅವ್ವನ ಇಬತ್ತಿ ಒಳಗ ಕುಂತದ ನೋಡು. ಕರೀ ಕರೀ ಚುಕ್ಕಿ ಕಾಣ್ಲತ್ತಾವ."

ಬಿಳಿ ವಿಭೂತಿ ಕಪ್ಪಾಗಿ ಹೇಗೆ ಕಂಡೀತು ಎಂದು ನಾವು ಯಾರೂ ಕೇಳಲಿಲ್ಲ. ಬೆಳಕಿಗೆ ಅಡ್ಡ ಬಂದದ್ದೆಲ್ಲ ಕಪ್ಪೇ ಕಾಣುತ್ತದೆ ಎಂದು ಅವರೇ ಹೇಳಿದರು. ಅದೂ ನಿಜವೇ ಅನ್ನಿ.

ಕ್ಯಾಮೆರಾಕ್ಕೂ ನನಗೂ ಮೊದಲಿನಿಂದ ಅಷ್ಟಕ್ಕಷ್ಟೆ. ನಾನು ಹುಟ್ಟಿದ್ದು ಖಟಕ ಚಿಂಚೋಳಿಯಲ್ಲಿ. ಚಿಕ್ಕವಳಿದ್ದಾಗ ಅಪ್ಪ ನಮ್ಮನ್ನೆಲ್ಲ ಬಸ್ಸು ಹತ್ತಿಸಿ ಭಾಲ್ಕಿಗೆ ಕರೆದೊಯ್ದು ಒಂದು ಫೋಟೋ ತೆಗೆಸಿದ್ದರು. ಸ್ಟುಡಿಯೋ ಗೋಡೆಗೆ ಒಂದು ಕೆರೆ, ಎರಡು ಹಂಸ ಬರೆದ ಪರದೆ. ನಮ್ಮ ಊರ ಕಡೆ ಹಂಸ ಕಂಡವರಿಲ್ಲ, ಕೆರೆಯಲ್ಲಿ ಅಷ್ಟು ನೀರನ್ನೂ ಕಂಡವರಿಲ್ಲ. ಹೋಗುವಾಗ ಬಸ್ಸಿನಲ್ಲಿ ಅವ್ವ ನನ್ನ ಕಿವಿಯಲ್ಲಿ ಹೇಳಿದ್ದಳು: "ಫೋಟೋ ತೆಗೆದ್ರ ಆಯುಷ್ಯ ಕಮ್ಮಿ ಆಗ್ತದಂತ. ಆದ್ರ ಅಪ್ಪಗ ಹೇಳಬ್ಯಾಡ, ಸಿಟ್ಟಿಗೇಳ್ತಾನ." ಸ್ಟುಡಿಯೋದವರು "ಕಣ್ಣ ಮುಚ್ಚಬ್ಯಾಡ್ರಿ" ಎಂದ ಕೂಡಲೇ ನಾನು ಮುಚ್ಚಿದೆ. ಆ ಫೋಟೋದಲ್ಲಿ ನಾನು ಅಪ್ಪನ ತೊಡೆಗೆ ಒರಗಿ ನಿಂತೇ ನಿದ್ದೆ ಹೋದವಳ ಹಾಗಿದ್ದೇನೆ. ಅಲ್ಲಿಂದ ಮುಂದೆ ನನ್ನ ಎಲ್ಲ ಫೋಟೋಗಳದೂ ಅದೇ ಕತೆ. ಮದುವೆಯ ಆಲ್ಬಮ್ಮು ನೋಡಿದವರು ಹುಡುಗಿಗೆ ಈ ಸಂಬಂಧ ಇಷ್ಟವಿರಲಿಲ್ಲವೇನೋ ಎಂದುಕೊಳ್ಳಬೇಕು. ಇಂಥವಳು ಹೋಗಿ ಕ್ಯಾಮೆರಾ ಹುಚ್ಚಿನವರ ಕೈ ಹಿಡಿದೆ.

ನಮ್ಮವರು ಔರಾದಿನ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ವಾರವೆಲ್ಲ ಬೀದರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ರವಿವಾರ ಮಾತ್ರ ಮೋಟರ್ ಸೈಕಲ್ಲು, ಕ್ಯಾಮೆರಾ, ಹಿಂದೆ ನಾನು. ಅವರು ತೆಗೆಯುತ್ತಿದ್ದುದು ದೇವಣಿ ದನಗಳ ಫೋಟೋ. ನಿಮಗೆ ಗೊತ್ತೇ ಇದೆ, ದೇವಣಿ ನಮ್ಮ ಕಡೆಯ ತಳಿ. ಬಿಳಿ ಮೈ, ಅದರ ಮೇಲೆ ಕಪ್ಪು ಮಚ್ಚೆ, ಜೋತುಬಿದ್ದ ಕಿವಿ. ಒಂದರ ಮಚ್ಚೆ ಇನ್ನೊಂದಕ್ಕೆ ಇರುವುದಿಲ್ಲ. ಮೊದಮೊದಲು ಸುಮ್ಮನೆ ಪ್ರೀತಿಗೆ ತೆಗೆಯುತ್ತಿದ್ದರು. ಮಳೆ ಎರಡನೆಯ ವರ್ಷವೂ ಕೈಕೊಟ್ಟಾಗ ಅದಕ್ಕೊಂದು ಕೆಲಸ ಬಂತು. ಜನ ಹೈದರಾಬಾದಿಗೋ ಪುಣೆಗೋ ಹೊರಡುವ ಮುಂಚೆ ಎತ್ತು ಮಾರುತ್ತಿದ್ದರು. ಮಾರುವ ಮುಂಚೆ, "ಕಂಪೌಂಡರ್ ಸಾಹೇಬ್ರ, ಜೋಡಿದೊಂದು ಫೋಟೋ ತೆಗೀರಿ" ಎಂದು ಕರೆಯುತ್ತಿದ್ದರು. ನೀರಿಲ್ಲದ ಆ ದಿನಗಳಲ್ಲೂ ಎತ್ತಿನ ಮೈ ತೊಳೆದು, ಕೋಡಿಗೆ ಎಣ್ಣೆ ಸವರಿ, ಕಾರ ಹುಣ್ಣಿಮೆಗೆಂದು ಎತ್ತಿಟ್ಟ ಗೊಂಡೆ ಕಟ್ಟಿ ನಿಲ್ಲಿಸುತ್ತಿದ್ದರು. ನಾನು ಮತ್ತು ಆ ಮನೆಯ ಹೆಂಗಸು ಒಂದು ಬಿಳಿ ಧೋತರವನ್ನು ಎರಡು ತುದಿ ಹಿಡಿದು, ಎತ್ತಿನ ಮುಖಕ್ಕೆ ಬೆಳಕು ಬೀಳುವಂತೆ ನಿಲ್ಲಬೇಕು. ಧೋತರದ ಕೆಲಸ ನನಗೆ ಹಿತವಾಗಿತ್ತು. ಕ್ಯಾಮೆರಾ ನನ್ನತ್ತ ತಿರುಗುತ್ತಿರಲಿಲ್ಲವಲ್ಲ.

ಎತ್ತಿನವರು ಕೇಳುತ್ತಿದ್ದುದು ಒಂದೇ. "ಕಣ್ಣ ಛಲೋ ಬರ್ಲಿರಿ." ಕೋಡು, ಮಚ್ಚೆ, ಹೆಗಲ ಮೇಲಿನ ಇಣಿ ಹೇಗಾದರೂ ಬರಲಿ, ಕಣ್ಣು ಮಾತ್ರ ಸ್ಪಷ್ಟವಾಗಿ ಬರಬೇಕು. ನಮ್ಮವರೂ ಅದನ್ನೇ ಹಟದಿಂದ ಹಿಡಿದವರು. ಕಣ್ಣು ಮಸುಕಾದ ಫೋಟೋವನ್ನು ಅಳಿಸಿಬಿಡುತ್ತಿದ್ದರು, ಯಾರಿಗೂ ಕೊಡುತ್ತಿರಲಿಲ್ಲ.

ಆ ಕೆಲಸಕ್ಕೇ ಈಗ ಚುಕ್ಕಿಗಳು ಅಡ್ಡ ಬಂದವು. ರಬ್ಬರಿನ ಬುಡ್ಡಿಯಿಂದ ಗಾಳಿ ಊದಿದರು, ಕುಂಚದಿಂದ ಸವರಿದರು. ಕೊನೆಗೆ ಗಾಂಧಿ ಗಂಜಿನ ಕಾಳುಪೇಟೆಯ ಹಿಂದಿರುವ ಒಂದು ಸ್ಟುಡಿಯೋಕ್ಕೆ ಹೋದೆವು. ಕಾಳು ಬಾರದ ವರ್ಷ. ಗಂಜಿನಲ್ಲಿ ಕೈಗಾಡಿಗಳು ಮೂತಿ ಮೇಲೆ ಮಾಡಿ ನಿಂತಿದ್ದವು, ಹಮಾಲರು ಖಾಲಿ ಚೀಲಗಳ ಮೇಲೆ ಮಲಗಿದ್ದರು. ಸ್ಟುಡಿಯೋದವರು ಕ್ಯಾಮೆರಾ ಬಿಚ್ಚಿ ಒರೆಸಿ, ತೆಗೆದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ ಹೇಳಿದರು:

"ಫೋಟೋದಾಗ ಚುಕ್ಕಿ ಇಲ್ರಿ ಸರ್. ಸಾಫ್ ಅದ."

"ಕಿಂಡ್ಯಾಗ ನೋಡೂ ಮುಂದ ಕಾಣ್ತದಲ್ರೀ."

"ಹಂಗಿದ್ರ ನೋಡೋ ಗಾಜಿನ ಮ್ಯಾಲ ಇರ್ಬೇಕ್ರಿ. ಅದು ಇದ್ರೂ ನಡೀತದ, ಫೋಟೋಕ್ಕ ಏನೂ ಆಗೂದಿಲ್ಲ. ಹಳೀ ಡಬ್ಬಿ ಆತಲ್ರೀ ಸರ್, ಹೊಸಾದು ತಗೋರಿ."

ಹೊಸದು ತೆಗೆದುಕೊಳ್ಳಲು ಯಾರಾದರೂ ಹೇಳಲಿ ಎಂದೇ ಕಾಯುತ್ತಿದ್ದವರು ನಮ್ಮವರು. ದಿನವೂ ಬೆಳಿಗ್ಗೆ ಚಹಾದ ಜೊತೆಗೆ ಮೊಬೈಲಿನಲ್ಲಿ ಅದರ ಗುಣಗಾನ ಓದಿ ಹೇಳುವುದು ಶುರುವಾಯಿತು. ಒಂದು ದಿನ ಹೇಳಿದರು, "ಇದು ಗಂಭೀರ ಹವ್ಯಾಸಿಗಳಿಗಂತನೇ ಮಾಡ್ಯಾರ."

ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯವರು ಕೇಳಿದರು. "ಹವ್ಯಾಸಿ ಅಂದ್ರ ಏನೋ?"

"ರೊಕ್ಕ ಬರೂದಿಲ್ಲ ಅಂತ, ಅವ್ವಾ."

"ಮತ್ತ ಗಂಭೀರ ಅಂದ್ರ?"

"ರೊಕ್ಕ ಹೋಗ್ತದ ಅಂತ," ಎಂದೆ ನಾನು.

ಸಂಕ್ರಾಂತಿ ಕಳೆದ ಮೇಲೆ ಹೊಸ ಕ್ಯಾಮೆರಾ ಬಂತು. ಹಳೆಯದಕ್ಕಿಂತ ಭಾರ, ಹಿಡಿಯಲು ಒಳ್ಳೆಯ ಹಿಡಿತ. ಬೆರಳಿಗೊಂದು, ಹೆಬ್ಬೆರಳಿಗೊಂದು ತಿರುಗುವ ಚಕ್ರ. ನೋಡುವ ಕಿಂಡಿ ಮೊದಲಿಗಿಂತ ದೊಡ್ಡದು, ಬೆಳಕಿನದು. ಕತ್ತಲೆ ಕೊಟ್ಟಿಗೆಯಲ್ಲೂ ಫ್ಲ್ಯಾಶ್ ಇಲ್ಲದೆ ಫೋಟೋ ಬರುತ್ತಿತ್ತು, ಹಳೆಯದರ ಹಾಗೆ ರವೆ ಚೆಲ್ಲಿದಂತಾಗುತ್ತಿರಲಿಲ್ಲ. ಕ್ಲಿಕ್ಕಿನ ಸದ್ದೂ ಮೆಲ್ಲಗೆ, ದನ ಬೆದರುವುದಿಲ್ಲ. ಎಲ್ಲಿ ಬೇಕೋ ಅಲ್ಲಿಗೆ, ಅಂದರೆ ಎತ್ತಿನ ಕಣ್ಣಿನ ಮೇಲೆ, ಒಂದು ಕೆಂಪು ಚೌಕ ತಂದು ಕೂರಿಸಿದರೆ ಅದು ತಾನೇ ಹೊಂದಿಸಿಕೊಂಡು ಪೀಂ ಎನ್ನುತ್ತಿತ್ತು. ಹಿಂದಿನ ಪರದೆ ದೊಡ್ಡದು. ಕಿಂಡಿಗೆ ಕಣ್ಣು ಹಚ್ಚದೆ ಆ ಪರದೆಯಲ್ಲೇ ನೋಡಿ, ಬೇಕಾದ ಜಾಗವನ್ನು ಹಿಗ್ಗಿಸಿಕೊಂಡು ತೆಗೆಯಬಹುದು. ನಮ್ಮವರಿಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಧೂಳು ಕೊಡವುವ ವ್ಯವಸ್ಥೆ. ಪ್ರತಿ ಸಲ ಹಚ್ಚುವಾಗ, ಆರಿಸುವಾಗ ಅದು ಒಳಗೇ ನಡುಗಿ ಧೂಳು ಉದುರಿಸುತ್ತಿತ್ತು. "ನಿನ್ನ ಮಗಳು ನೋಡವ್ವಾ, ತಾನೇ ಮೈ ಕೊಡವ್ಕೋತಾಳ," ಎಂದು ಅತ್ತೆಯವರಿಗೆ ತೋರಿಸಿದರು. ಅತ್ತೆಯವರು ಈ ಸಲ ವಿಭೂತಿಯನ್ನು ಡಬ್ಬದ ಮೇಲೆ ಮಾತ್ರ ಹಚ್ಚಿದರು.

ಮೂರು ನಾಲ್ಕು ರವಿವಾರ ನಮ್ಮವರು ಚುಕ್ಕಿಯ ಮಾತೆತ್ತಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅವರು ಮಾಳಿಗೆಯ ಮೇಲೆ ರಬ್ಬರಿನ ಬುಡ್ಡಿ ಹಿಡಿದು ಕೂತಿದ್ದನ್ನು ಕಂಡೆ. ಹೊಸ ಕ್ಯಾಮೆರಾಕ್ಕೆ ಗಾಳಿ ಊದುತ್ತಿದ್ದರು.

"ಯಾಕ್ರೀ?"

"ಧೂಳ. ಈ ಬರಗಾಲದ ಧೂಳ ಯಾವ ಕ್ಯಾಮೆರಾಕ್ಕೂ ಬಿಡೂದಿಲ್ಲ."

ಅನುಮಾನ ಪಡುವಂಥ ಮಾತೇನೂ ಅಲ್ಲ. ಕಟ್ಟೆಯ ಮೇಲೆ, ಒಣಗಿಸಿದ ಬಟ್ಟೆಯ ಮೇಲೆ, ಬಿಂದಿಗೆಯ ಮುಚ್ಚಳದ ಮೇಲೆ ಎಲ್ಲೆಲ್ಲೂ ಧೂಳಿತ್ತು. ಆದರೂ ಕೆಳಗಿಳಿದು ಬಂದು ಯಂತ್ರದ ಮುಂದೆ ಕೂತವಳಿಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಯಾಕೆ ಆಗುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಲಿಲ್ಲ.

ಬೇಸಿಗೆ ಏರಿತು. ಔರಾದ ಹತ್ತಿರದ ಹಳ್ಳಿಯಿಂದ ವೈಜನಾಥ ಎಂಬುವರು ಕರೆ ಮಾಡಿದ್ದರು. ಗಂಡ ಹೆಂಡತಿ ಮಕ್ಕಳು ಎಲ್ಲ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಸೋಮವಾರ ಎತ್ತು ಕೊಂಡವರು ಬಂದು ಹೊಡೆದುಕೊಂಡು ಹೋಗುವವರಿದ್ದರು. ನಾವು ರವಿವಾರ ಹೋದೆವು. ಊರಿನಲ್ಲಿ ಅರ್ಧ ಬಾಗಿಲುಗಳಿಗೆ ಬೀಗ. ಬೀಗಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿದ್ದರು, ಮಳೆ ಬಂದರೆ ತುಕ್ಕು ಹಿಡಿಯಬಾರದೆಂದು. ಮಳೆ ಬಂದೇ ಬರುತ್ತದೆ ಎಂಬ ನಂಬಿಕೆ ಅವರದು.

ಎತ್ತುಗಳು ನಿಂತವು. ವೈಜನಾಥರ ಹೆಂಡತಿ ಸುಂದರಮ್ಮ ಮತ್ತು ನಾನು ಧೋತರ ಹಿಡಿದೆವು. ನಮ್ಮವರು ಕಿಂಡಿಗೆ ಕಣ್ಣು ಹಚ್ಚಿದರು, ತೆಗೆದರು, ಒರೆಸಿದರು, ಮತ್ತೆ ಹಚ್ಚಿದರು. ಹೀಗೆ ಎಷ್ಟೋ ಸಲ.

"ಏನಾಯ್ತ್ರಿ ಸಾಹೇಬ್ರ? ಎತ್ತ ಹೆಚ್ಚು ಕರೀದು ಕಾಣ್ತದೇನು?" ಎಂದರು ವೈಜನಾಥ.

"ಇಲ್ಲೋ ಮಾರಾಯಾ, ಬರೋಬ್ಬರಿ ಕಣ್ಣಿನ ಮ್ಯಾಲೇ ಧೂಳ ಬಂದ್ ಕುಂಡ್ರತದ." ನನ್ನ ಕಡೆ ತಿರುಗಿದರು. "ಶಾಂತಾ, ನೀನರ ನೋಡು. ಎಲ್ಲಿ ಕುಂತದ ಹೇಳು, ಅಲ್ಲೇ ಒರಸ್ತೀನಿ."

ನಾನು ಅದುವರೆಗೆ ಆ ಕಿಂಡಿಯಲ್ಲಿ ಇಣುಕಿದವಳೇ ಅಲ್ಲ. ಧೋತರವನ್ನು ಸುಂದರಮ್ಮನ ಕೈಗೆ ಕೊಟ್ಟು ಹೋದೆ. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಹಚ್ಚಿದೆ. ಎತ್ತಿನ ಕಣ್ಣು ಎಷ್ಟು ದೊಡ್ಡದಾಗಿ, ಎಷ್ಟು ಹತ್ತಿರ ಕಂಡಿತೆಂದರೆ ಬೆಚ್ಚಿದೆ. ಅದರ ಅಂಚಿನ ಒದ್ದೆ ಕಂಡಿತು. ಮೂಲೆಯಲ್ಲಿ ಕೂತ ನೊಣ ಕಂಡಿತು. ಎತ್ತಿನ ಕಣ್ಣೊಳಗೆ ಬಿಳಿ ಧೋತರ ಹಿಡಿದು ನಿಂತ ಸುಂದರಮ್ಮ ಸಣ್ಣಗೆ ಕಂಡರು. ಆಕಾಶದ ಕಡೆ ತಿರುಗಿಸಿದೆ. ಒಂದೂ ಮೋಡವಿಲ್ಲದ ಆಕಾಶ. ಒಂದೂ ಚುಕ್ಕಿ ಇರಲಿಲ್ಲ. ಇರಲಿ, ಒಂದಾದರೂ ಇರಲಿ ಎಂದು ಮೂಲೆ ಮೂಲೆ ಹುಡುಕಿದೆ. ಕ್ಯಾಮೆರಾ ಸ್ವಚ್ಛವಾಗಿತ್ತು.

ಸೆರಗಿನಿಂದ ಕಿಂಡಿಯ ಗಾಜು ಒರೆಸಿ ಮತ್ತೊಮ್ಮೆ ನೋಡಿದೆ.

"ಕಾಣ್ತೇನು?"

"ಏನೂ ಇಲ್ಲಲ್ರೀ."

"ಬರೋಬ್ಬರಿ ನೋಡೀದೇನು? ನೀ ಕಣ್ಣ ಮುಚ್ಕೊಂಡು ನೋಡೀರ್ತಿ."

ಎಲ್ಲರೂ ನಕ್ಕರು. ಅವರೂ ನಕ್ಕರು. ಆದರೆ ಕ್ಯಾಮೆರಾ ತೆಗೆದುಕೊಳ್ಳುವಾಗ ನನ್ನ ಮುಖ ನೋಡಿದರು. ನಾನೂ ನೋಡಿದೆ. ಅವರು ಕ್ಯಾಮೆರಾವನ್ನು ಬಲಗಣ್ಣಿನಿಂದ ಎಡಗಣ್ಣಿಗೆ ಬದಲಿಸಿದರು. ರೂಢಿಯಿಲ್ಲದ ಕಣ್ಣು. ಮೂಗು ಹಿಂದಿನ ಪರದೆಗೆ ಒತ್ತಿ ಚಪ್ಪಟೆಯಾಯಿತು.

"ಏ, ಸಾಹೇಬ್ರು ಮೂಗಿನ್ಲಿಂದ ಫೋಟೋ ತೆಗೀಲತ್ತಾರ ನೋಡು," ಎಂದರು ವೈಜನಾಥ. ಸುಂದರಮ್ಮ ಗಂಡನನ್ನು ಗದರಿದರು. "ಸುಮ್ಮನಿರ್ರಿ. ಎತ್ತಿನ ಕಣ್ಣ ಛಲೋ ಬರ್ಲಿ ಮೊದ್ಲು."

ಪೀಂ ಎಂದಿತು. ಕಣ್ಣು ಚೆನ್ನಾಗಿಯೇ ಬಂತು.

ಹಿಂದಿರುಗುವ ದಾರಿ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಔರಾದಿನಿಂದ ಬೀದರಿನ ರಸ್ತೆ, ಇಳಿ ಹೊತ್ತಿನ ಬಿಸಿಲು ಪಕ್ಕದಿಂದ ಹೊಡೆಯುತ್ತಿತ್ತು. ಕ್ಯಾಮೆರಾದ ಚೀಲವನ್ನು ತೊಡೆಯ ಮೇಲೆ ಅಪ್ಪಿ ಹಿಂದೆ ಕೂತಿದ್ದೆ. ಇಷ್ಟು ತಿಂಗಳು ಇದೇ ಗಾಡಿಯ ಹಿಂದೆ ಹಾಡು ಗುನುಗುತ್ತ ಬಂದವಳು, ಈಗ ಎದುರಿನ ಪ್ರತಿ ಲಾರಿಯನ್ನೂ ಅವರಿಗಿಂತ ಮೊದಲು ನೋಡಲು ಕುತ್ತಿಗೆ ಚಾಚುತ್ತಿದ್ದೆ. ನೀರಿನ ಟ್ಯಾಂಕರುಗಳು ನೀರು ಚೆಲ್ಲುತ್ತ ಎದುರು ಬರುತ್ತಿದ್ದವು. ಒಂದು ಬೇವಿನ ಮರದ ನೆರಳು ರಸ್ತೆಗೆ ಅಡ್ಡ ಬಿದ್ದಿತ್ತು. ಅವರು ಗಕ್ಕನೆ ಬ್ರೇಕು ಹಾಕಿದರು. ಹಿಂದೆ ಬರುತ್ತಿದ್ದ ಜೀಪಿನವನು ಬೈದು ಪಕ್ಕಕ್ಕೆ ಹೋದ.

"ತಗ್ಗ ಅಂತ ತಿಳೀತು," ಎಂದರು.

"ಸಾವಕಾಶ ಹೋಗೋಣ್ರಿ," ಎಂದೆ. ಬಿದ್ದರೆ ಕ್ಯಾಮೆರಾ ಒಡೆಯುತ್ತದೆ ಎಂದೂ ಸೇರಿಸಿದೆ. ನನ್ನ ಹೆದರಿಕೆಗೆ ಕ್ಯಾಮೆರಾದ ಹೆಸರು ಹೇಳಿದೆ. ಅವರು ಗಾಡಿಯ ವೇಗ ಇಳಿಸಿದರು. ಅಷ್ಟು ಮೆಲ್ಲಗೆ ಹೋದೆವೆಂದರೆ ಸೈಕಲ್ಲಿನವರು ನಮ್ಮನ್ನು ದಾಟಿ ಹಿಂದಿರುಗಿ ನೋಡುತ್ತಿದ್ದರು.

ಹೈದರಾಬಾದಿನ ಕಣ್ಣಿನ ದವಾಖಾನೆಗೆ ಆ ವಾರವೇ ಹೋದೆವು. ಬೀದರಿನಿಂದ ಹೊರಟ ಬಸ್ಸಿನ ತುಂಬ ಗಂಟುಮೂಟೆ, ಕೊಡ, ಹಾಸಿಗೆ ಸುರುಳಿ, ಮಕ್ಕಳು. ಕೆಲಸ ಹುಡುಕಿ ಹೊರಟವರು. ಪಕ್ಕದ ಮುದುಕಿ, "ನೀವು ಯಾವ ಕೆಲಸಕ್ಕ ಹೊಂಟೀರವ್ವಾ?" ಎಂದು ನನ್ನನ್ನು ಕೇಳಿದಳು. ಕಣ್ಣು ತೋರಿಸಲು ಎಂದೆ. "ಕೆಲಸಕ್ಕಿಂತ ಅದು ಛಲೋ," ಎಂದಳು.

ದವಾಖಾನೆಯಲ್ಲಿ ಕಣ್ಣಿನ ಒಳಗಿನ ಫೋಟೋ ತೆಗೆಯುವ ಒಂದು ದೊಡ್ಡ ಕ್ಯಾಮೆರಾ ಇತ್ತು. ನಮ್ಮವರು ಗದ್ದವನ್ನು ಅದರ ಮೇಲಿಟ್ಟುಕೊಂಡೇ, ಇದರ ಲೆನ್ಸು ಎಂಥದ್ದು, ಇದೂ ತಾನೇ ಧೂಳು ಕೊಡವುತ್ತದೆಯೇ ಎಂದು ಅಲ್ಲಿನ ಹುಡುಗಿಯನ್ನು ಕೇಳುತ್ತಿದ್ದರು. ಅವಳು ಅಲುಗಬೇಡಿ ಎಂದಳು. ಆಮೇಲೆ ಡಾಕ್ಟರು ಪರದೆಯ ಮೇಲೆ ಆ ಫೋಟೋ ತೋರಿಸಿದರು. ಕಿತ್ತಳೆ ಬಣ್ಣದ ದುಂಡು, ಅದರ ಮೇಲೆ ಕಪ್ಪಗೆ ಕಲೆಗಳು. ಸಕ್ಕರೆ ಕಾಯಿಲೆಯಿಂದ ನರ ಒಡೆದು ಒಳಗೆ ರಕ್ತ ಸೋರಿದೆ, ಚುಕ್ಕಿಗಳು ಅದರವೇ ಎಂದರು. ಎರಡೂ ಕಣ್ಣು ತೆರೆದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ, ಅದಕ್ಕೇ ಕ್ಯಾಮೆರಾದಲ್ಲಿ ಮಾತ್ರ ಗೊತ್ತಾಗಿದೆ ಎಂದರು. ಎಡಗಣ್ಣಿನಲ್ಲೂ ಶುರುವಾಗಿದೆ ಎಂದರು.

ನಮ್ಮವರು ಪರದೆಯನ್ನೇ ನೋಡುತ್ತಿದ್ದರು. "ಶಾಂತಾ, ದೇವಣಿ ಎತ್ತಿನ ಮೈ ಇದ್ದಂಗ ಅದಲ್ಲ?" ಎಂದರು.

"ಯಾವಾಗಿನಿಂದ ಹೀಗೆ?" ಡಾಕ್ಟರು ಕೇಳಿದರು.

"ಖಂಡೆ ಪೂಜಿಯಿಂದ," ಎಂದೆವು ಇಬ್ಬರೂ. ಹೇಳಿದ ಮೇಲೆ ಅದಕ್ಕಿಂತ ಮೊದಲೇ ಇದ್ದಿರಬೇಕು ಅನ್ನಿಸಿತು. ವಿಭೂತಿ ಬಿದ್ದ ಮೇಲೆ ಹುಡುಕಲು ಹೋಗಿ ಕಂಡದ್ದು, ಅಷ್ಟೆ. ಹುಡುಕಿದ ಜಾಗ ತಪ್ಪಾಗಿತ್ತು.

ಬಲಗಣ್ಣು ಬಹಳ ಮಟ್ಟಿಗೆ ಹೋಗಿತ್ತು. ಎಡಗಣ್ಣಿಗೆ ಲೇಸರ್ ಮಾಡಿದರು. ಇದ್ದದ್ದನ್ನು ಉಳಿಸಬಹುದು, ಹೋದದ್ದನ್ನು ತರಲಾಗದು ಎಂದರು. ಮನೆಗೆ ಬಂದಾಗ ಅತ್ತೆಯವರು ಬಾಗಿಲಲ್ಲೇ ಕೂತಿದ್ದರು. ಇಷ್ಟು ತಿಂಗಳೂ ಮಗನ ಕ್ಯಾಮೆರಾ ಕೆಡಿಸಿದ ಅಪವಾದ ಹೊತ್ತಿದ್ದವರು ಅವರು. ನಮ್ಮವರು ಪಕ್ಕದಲ್ಲಿ ಕೂತು ಹೇಳಿದರು. "ಅವ್ವಾ, ನಿನ್ನ ಇಬತ್ತಿದೇನೂ ತಪ್ಪಿಲ್ಲ."

"ನಾ ಮೊದ್ಲೇ ಹೇಳಿದ್ನಲ್ಲ!" ಅತ್ತೆಯವರ ಮುಖ ಅರಳಿತು. "ಇಬತ್ತಿ ಎಲ್ಲ್ಯಾರ ಕೆಟ್ಟ ಮಾಡ್ತದೇನು?" ಎಂದು ಗೆದ್ದವರಂತೆ ನನ್ನ ಕಡೆ ನೋಡಿದರು. ನೋಡುತ್ತಲೇ ಮುಖ ಬದಲಾಯಿತು. "ಮತ್ತ... ಮತ್ತ ಚುಕ್ಕಿ ಎಲ್ಲೀವೋ ಅವು?"

ಅವರು ಹೇಳಿದರು. ಅತ್ತೆಯವರು ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣೊಳಗೆ ಇಣುಕಿದರು. ಊದಿದರೆ ಹೋಗುವಂಥದ್ದೇನಾದರೂ ಇದೆಯೇ ಎಂದು ನೋಡುವಂತೆ. ಆಮೇಲೆ ಎದ್ದು ಅಡುಗೆಮನೆಗೆ ಹೋದರು. ಆ ದಿನದಿಂದ ಅವರು ಹೋಳಿಗೆ ಮಾಡಲಿಲ್ಲ.

ಬೇಸಿಗೆ ಮುಗಿಯುವವರೆಗೂ ಕರೆಗಳು ಬರುತ್ತಲೇ ಇದ್ದವು. ಅವರು ಹೋಗುವುದನ್ನು ಬಿಡಲಿಲ್ಲ. ಆದರೆ ಬಸ್ಸಿನಲ್ಲಿ. ಕಿಂಡಿ ಬಿಟ್ಟು, ಪರದೆಯ ಮೇಲೆ ಎತ್ತಿನ ಕಣ್ಣನ್ನು ರೊಟ್ಟಿಯಷ್ಟು ದೊಡ್ಡದು ಮಾಡಿಕೊಂಡು, ತಲೆಯ ಮೇಲೆ ಟವೆಲು ಹೊದ್ದು ನೋಡಿ ತೆಗೆಯುತ್ತಿದ್ದರು. ಜನ ಕಾಯುತ್ತಿದ್ದರು. ಯಾವ ಅನುಕೂಲವನ್ನು ಚೆಂದಕ್ಕೆಂದು ಕೊಂಡಿದ್ದೆವೋ ಅದು ಈಗ ಊರುಗೋಲಾಯಿತು. ನಾನು ಧೋತರ ಹಿಡಿದು ನಿಂತು ಎತ್ತನ್ನು ನೋಡುತ್ತಿರಲಿಲ್ಲ, ಟವೆಲನ್ನು ನೋಡುತ್ತಿದ್ದೆ. ಅದರೊಳಗೆ ಅವರು ತಡ ಮಾಡಿದಷ್ಟೂ ಧೋತರದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ.

ಮಳೆ ಬಂತು. ಆ ವರ್ಷ ಬೇಡವೆನ್ನಿಸುವಷ್ಟು ಬಂತು. ಕೆಲವರು ಹಿಂದಿರುಗಿದರು. ಅದರ ಮುಂದಿನ ವರ್ಷ ಒಂದು ಮಧ್ಯಾಹ್ನ ದನದ ದವಾಖಾನೆಯ ಕುರ್ಚಿಯಲ್ಲಿ ಕೂತಲ್ಲೇ ನಮ್ಮವರ ಹೃದಯ ನಿಂತಿತು. ನಾನು ಹೆದರಿ ಕಾಯುತ್ತಿದ್ದುದು ಕಣ್ಣಿನ ಕೇಡಿಗೆ. ಕೇಡು ಬೇರೆ ಬಾಗಿಲಿನಿಂದ ಬಂತು.

ವೈಜನಾಥ ಸುಂದರಮ್ಮ ಸುದ್ದಿ ಕೇಳಿ ಹೈದರಾಬಾದಿನಿಂದ ಬಂದಿದ್ದರು. ಅಲ್ಲಿ ತಗಡಿನ ಕೋಣೆಯ ಗೋಡೆಗೆ ಆ ಜೋಡಿಯ ಫೋಟೋ ಹಾಕಿದ್ದಾರಂತೆ. "ಕಣ್ಣ ನೋಡಿದ್ರ ಮಾತಾಡ್ಲತ್ತಾವ ಅನಸ್ತದ್ರೀ ಅಕ್ಕ," ಎಂದರು ಸುಂದರಮ್ಮ. "ಸಾಹೇಬ್ರ ಕಣ್ಣ ಅಷ್ಟು ಸೂಕ್ಷ್ಮ ಇತ್ರಿ." ನಾನು ಹೌದೆಂದೆ.

ಆ ಕೊನೆಯ ವರ್ಷದ ಒಂದು ಮಾತು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ನಾನು ಚಹಾ ತಂದಾಗ ಅವರು ನನ್ನ ಮುಖ ನೋಡಿ, "ಇವತ್ತ ಕುಂಕುಮ ಸೊಟ್ಟ ಹಚ್ಚೀದಿ ನೋಡು," ಎನ್ನುತ್ತಿದ್ದರು. ನಾನು ಕನ್ನಡಿಯ ಮುಂದೆ ಹೋಗಿ ನೋಡುತ್ತಿದ್ದೆ. ಕುಂಕುಮ ನೆಟ್ಟಗೇ ಇರುತ್ತಿತ್ತು. ಚೇಷ್ಟೆಗೆ ಹಾಗೆ ಅನ್ನುತ್ತಿದ್ದರೋ, ಅವರಿಗೆ ಹಾಗೇ ಕಾಣುತ್ತಿತ್ತೋ. ಕೇಳಲು ಹೆದರಿಕೆಯಾಗುತ್ತಿತ್ತು. ಬೆರಳಿನಿಂದ ಸುಮ್ಮನೆ ಸವರಿಕೊಂಡು ಬಂದು, "ಈಗ ಸರಿ ಆಯ್ತೇನ್ರಿ?" ಎನ್ನುತ್ತಿದ್ದೆ. "ಹಾಂ, ಈಗ ಬರೋಬ್ಬರಿ," ಎನ್ನುತ್ತಿದ್ದರು.

ಕೊನೆಗೆ ನನ್ನ ಮುಖ ಅವರಿಗೆ ಎಷ್ಟು ಕಾಣುತ್ತಿತ್ತು ಎಂಬುದು ನನಗೆ ಗೊತ್ತಿಲ್ಲ.